ಎರಡು ಸೆಕೆಂಡಿಗೆ ನಿದ್ದೆ ಹೋಗುವ ಮೌಸ್: ನನ್ನ ಅನುಭವ

ಬದಿಯಡ್ಕದಲ್ಲಿ ನಮ್ಮ ಭಾವನ ಹತ್ರ ಉಬುಂಟು (ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್) ಹಾಕಿದ ಲ್ಯಾಪ್‌ಟಾಪ್ ಒಂದು ಉಂಟು, ಅದರ ಯುಎಸ್‌ಬಿ ಮೌಸಿಂದು ವಿಚಿತ್ರ ಹಟ. ಕೈ ತೆಗೆದು ಎರಡು ಸೆಕೆಂಡ್ ಬಿಟ್ರೆ ಸಾಕು, ಮತ್ತೆ ಎಷ್ಟು ಆಡಿಸಿದ್ರೂ ಬಾಣ ಅಲುಗುದಿಲ್ಲ, ಒಮ್ಮೆ ಕ್ಲಿಕ್ ಮಾಡಿದ್ರೆ ಮಾತ್ರ ಏಳ್ತದೆ. ವಯರ್ ಎಳೆದು ಪುನಃ ಚುಚ್ಚಿದ್ರೆ ಇಡೀ ದಿನ ಸರಿ, ಮರುದಿನ ಆನ್ ಮಾಡುವಾಗ ಮತ್ತೆ ಅದೇ ರಾಗ. ರಿಪೇರಿಯವ ಪೋರ್ಟ್ ಹೋಗಿದೆ ಅಂದನಂತೆ. ಕಾಸರಗೋಡಿಂದ ಹೊಸ ಮೌಸ್ ತಂದದ್ದೂ ಆಯ್ತು, ಅದೂ ಹಾಗೇ.

ಪೋರ್ಟ್ ಹೋಗಿದ್ರೆ ಕರ್ನಲ್ (ಲಿನಕ್ಸಿನ ತಿರುಳು) ಸುಮ್ಮನೆ ಕೂರುದಿಲ್ಲ ಮಾರಾಯ್ರೇ. ಟರ್ಮಿನಲ್‌ನಲ್ಲಿ ಕರ್ನಲಿನ ಸಂದೇಶ ತೋರಿಸುವ ಡಿಮೆಸೆಜ್ ಕಮಾಂಡ್ ಓಡಿಸಿ ಇಟ್ಟು ನೋಡಿದೆ, ಮೌಸ್ ಸತ್ತಾಗ ಡಿಸ್ಕನೆಕ್ಟ್ ಅಂತ ಒಂದು ಸಾಲೂ ಬರ್ಲಿಲ್ಲ. ಮೌಸ್ ಮಗುಚಿ ಹಿಡಿದ್ರೆ ಅಡಿಯ ಕೆಂಪು ಲೈಟು ಸರಿಯಾಗಿ ಎರಡು ಸೆಕೆಂಡಿಗೆ ಆರ್ತದೆ! ಅಂದ್ರೆ ಯಾರೋ ಬೇಕಂತಲೇ ಮಲಗಿಸ್ತಿದ್ದಾರೆ. ಯುಎಸ್‌ಬಿ ಆಟೋಸಸ್ಪೆಂಡಿನ (ಸುಮ್ಮನಿದ್ದ ಸಾಧನವನ್ನು ಕರೆಂಟ್ ಉಳಿಸ್ಲಿಕ್ಕೆ ಮಲಗಿಸುದು) ಡೀಫಾಲ್ಟ್ ಟೈಮ್ ಎರಡೇ ಸೆಕೆಂಡ್, ಆದ್ರೆ ಸಾಮಾನ್ಯವಾಗಿ ಕರ್ನಲ್ ಅದನ್ನು ಮೌಸಿಗೆ ತಾನಾಗಿ ಹಾಕುದಿಲ್ಲ.

ಡಿಮೆಸೆಜ್‌ನಲ್ಲಿ ಮೌಸಿನ ಜಾಗ 1-2 ಅಂತ ಇತ್ತು. ಸಿಸ್ ಫೋಲ್ಡರಿನ ಬಸ್, ಯುಎಸ್‌ಬಿ, ಡಿವೈಸಸ್ ಒಳಗೆ ಅದೇ ಹೆಸರಿನ ಫೋಲ್ಡರ್, ಅದರಲ್ಲಿ ಪವರ್, ಅದರಲ್ಲಿ ಕಂಟ್ರೋಲ್ ಅನ್ನುವ ಫೈಲು. ತೆರೆದ್ರೆ 'ಆಟೋ' ಅಂತ ಉಂಟು, ಅಂದ್ರೆ ಮಲಗಿಸಬಹುದು. 'ಆನ್', ಅಂದ್ರೆ ಮಲಗಿಸಬೇಡ, ಅಂತ ಬರೆದ ಕೂಡ್ಲೇ ಮೌಸ್ ಸರಿ. (ಅಡ್ಮಿನ್ ಅಧಿಕಾರ ಕೊಡುವ ಸುಡೋ ಜೊತೆ ಎಕೋ ಹಾಕಿ > ಗುರುತಿಂದ ಬರೆಯಲಿಕ್ಕೆ ಹೋದ್ರೆ ಪರ್ಮಿಶನ್ ಇಲ್ಲ ಅಂತದೆ, ಯಾಕಂದ್ರೆ ಆ ಗುರುತಿನ ಕೆಲಸ ಮಾಡುದು ನಮ್ಮ ಶೆಲ್ (ಕಮಾಂಡ್ ಓದುವ ಪ್ರೋಗ್ರಾಂ), ಸುಡೋ ಅಲ್ಲ. ಸುಡೋ ಜೊತೆ ಟೀ (tee) ಕಮಾಂಡ್ ಹಾಕಿ.)

ರೀಬೂಟ್ ಮಾಡಿದ್ರೆ ಪುನಃ ಆಟೋ. ಇದಕ್ಕೆಲ್ಲ ಯುಡೆವ್ ರೂಲ್ (ಸಾಧನ ಸಿಕ್ಕಿದಾಗ ತಾನಾಗಿ ನಡೆಯುವ ಸೆಟ್ಟಿಂಗ್) ಅಂತ ಹೇಳ್ತಾರಲ್ಲ, ಹಾಕಿದೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯ್ತು. ಕೊನೆಗೆ ಬೂಟಿಗೆ ತಾನಾಗಿ ಓಡುವ ಪ್ರೋಗ್ರಾಂಗಳ ಸಿಸ್ಟಮ್‌ಡಿ ಸರ್ವಿಸ್ ಲಿಸ್ಟ್ ತೆಗೆದಾಗ ಸಿಕ್ಕಿತು: ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದ್ರೆ ಬರುದು ಯಾವಾಗಂತ ಇಲ್ಲವಲ್ಲ, ಬ್ಯಾಟರಿ ಬಾಳಿಕೆ ಬರ್ಲಿ ಅಂತ ಯಾರೋ ಕರೆಂಟ್ ಉಳಿಸುವ ಪ್ರೋಗ್ರಾಂ ಪವರ್‌ಟಾಪ್ ಆಟೋ ಟ್ಯೂನನ್ನು ಬೂಟಿಗೆ ಹಾಕಿ ಕೊಟ್ಟಿದ್ರು. ಅದು ಯುಡೆವ್ ಕೆಲಸ ಮುಗಿಸಿದ ಮೇಲೆ ಬಂದು ಸಿಕ್ಕಿದ್ದಕ್ಕೆಲ್ಲ ಆಟೋ ಬರೆದು ಹೋಗ್ತದೆ, ಬೂಟ್ ಆಗುವಾಗ ಒಂದೇ ಸಲ. ವಯರ್ ಎಳೆದು ಚುಚ್ಚಿದ್ರೆ ಮೌಸ್ ಹೊಸದಾಗಿ 'ಆನ್' ಆಗಿ ಬರ್ತದೆ, ಸರಿಯಾಗ್ತಿದ್ದದ್ದು ಅದಕ್ಕೇ, ಪೋರ್ಟಿಂದ ಅಲ್ಲ.

ಪವರ್‌ಟಾಪ್ ತೆಗೀಲಿಕ್ಕೆ ಭಾವ ಒಪ್ಲಿಲ್ಲ. ಹಾಗೆ ಆ ಸರ್ವಿಸ್ ಫೈಲಿಗೇ ಎಕ್ಸೆಕ್ ಸ್ಟಾರ್ಟ್ ಪೋಸ್ಟ್ ಸಾಲು ಸೇರಿಸಿ, ಪವರ್‌ಟಾಪ್ ಮುಗಿದ ಮೇಲೆ 1-2ಕ್ಕೆ ಮಾತ್ರ ಆನ್ ಬರೆಯುವ ಹಾಗೆ ಮಾಡಿದೆ. 1-2 ಅನ್ನುದು ಪೋರ್ಟಿನ ನಂಬರು, ಮೌಸಿಂದಲ್ಲ, ಬೇರೆ ಕಡೆ ಚುಚ್ಚಿ ಆನ್ ಮಾಡಿದ್ರೆ ಮತ್ತೆ ನಿದ್ದೆಯೇ. ಅದಕ್ಕೆ ಎಡಬದಿಯ ಪೋರ್ಟಿನ ಮೇಲೆ 'ಮೌಸ್ ಇಲ್ಲಿಗೆ' ಅಂತ ಚೀಟಿ ಅಂಟಿಸಿ ಬಂದೆ.