ನೇತ್ರಾಣಿಯಲ್ಲಿ ಜಾಕೆಟ್ಟಿನ ಗಾಳಿ ಬಿಡಲು ಕಲಿತದ್ದು

ಸ್ಕೂಬಾ ಕೋರ್ಸ್ ಮುಗಿಸಿ ಹದಿನೈದು ದಿನ ಆಗಿತ್ತು ಅಷ್ಟೇ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆವು. 14 ಮೀಟರ್ ಆಳದಲ್ಲಿ ಬಂಡೆಗಳ ಮೇಲೆ ಆರಾಮಾಗಿ ಈಜುತ್ತಿದ್ದೆ. ಗಿಳಿಮೀನುಗಳ ಹಿಂಡೊಂದು ಬಂಡೆಯ ಏರುಗುಂಟ ಮೇಲಕ್ಕೆ ಹೊರಟಿತು. ನಾನೂ ಅದರ ಹಿಂದೆ ಹೋದೆ.

8 ಮೀಟರ್ ಹತ್ತಿರ ಬರುವಷ್ಟರಲ್ಲಿ ಮೈ ತಾನಾಗಿ ಮೇಲೇಳತೊಡಗಿತು. ತೇಲಲು ಗಾಳಿ ತುಂಬಿ, ಇಳಿಯಲು ಬಿಡುವ ಜಾಕೆಟ್ ತೊಟ್ಟಿದ್ದೆ. ಎಡಗೈಗೆ ಅದರ ಗಾಳಿ ಬಿಡುವ ಬಟನ್ ಸಿಕ್ಕಿತು. ಒತ್ತಿದೆ. ಒಂದು ಗುಳ್ಳೆಯೂ ಹೊರಗೆ ಬರಲಿಲ್ಲ. ಇನ್ನೂ ಜೋರಾಗಿ ಒತ್ತಿ ಹಿಡಿದೆ, ಆಗಲೂ ಇಲ್ಲ. ಗಾಬರಿಯಲ್ಲಿ ತಲೆ ಕೆಳಗೆ ಮಾಡಿ ಫಿನ್ ಬಡಿದೆ. ಅದರಿಂದಲೂ ಉಪಯೋಗ ಆಗಲಿಲ್ಲ. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ನೀರಿನ ಮೇಲಿದ್ದೆ. ಮೇಲೆ ಬರುವಾಗ ಉಸಿರು ಹಿಡಿಯಬಾರದು ಅನ್ನೋದು ಮಾತ್ರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಹಾಗಾಗಿ ಬಾಯಿಂದ ಗಾಳಿ ಬಿಡುತ್ತಲೇ ಬಂದೆ. ಇಲ್ಲದಿದ್ದರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತಿತ್ತು.

ದೋಣಿಗೆ ಬಂದ ಮೇಲೆ ಬಟನ್ ಕೆಟ್ಟಿದೆ ಅಂದೆ. ಡೈವ್ ಮಾಸ್ಟರ್ ಅದೇ ಜಾಕೆಟ್ ಎತ್ತಿಕೊಂಡು ಒತ್ತಿದರು. ಬುಸ್ ಅಂತ ಗಾಳಿ ಬಂತು. "ಗಾಳಿ ಎಲ್ಲಿ ಕೂತಿದೆ ಅಂತ ಮೊದಲು ನೋಡಿ ಸರ್, ಆಮೇಲೆ ಬಟನ್ ಒತ್ತಿ" ಅಂದರು.

ಆ ಮಾತು ಪೂರ್ತಿ ಅರ್ಥ ಆದದ್ದು ಊರಿಗೆ ಬಂದ ಮೇಲೆ, ಬಚ್ಚಲುಮನೆಯಲ್ಲಿ. ಹಂಡೆಯ ನೀರಿಗೆ ಚೊಂಬನ್ನು ಬೋರಲು ಹಾಕಿ ಒತ್ತಿದೆ. ಒಳಗಿನ ಗಾಳಿ ಅಲ್ಲೇ ಉಳಿಯಿತು, ಚೊಂಬು ಕೈಯನ್ನೇ ಮೇಲಕ್ಕೆ ತಳ್ಳುತ್ತಿತ್ತು. ಬಾಯಿ ಒಂಚೂರು ಓರೆ ಮಾಡಿದೆ. ಮೇಲಾದ ಅಂಚಿನಿಂದ ಗುಳುಗುಳು ಅಂತ ಗಾಳಿ ಹೊರಟಿತು, ಚೊಂಬು ಮುಳುಗಿತು. ನಾಲ್ಕೈದು ಸಲ ಹಾಗೆ ಮಾಡಿ ನೋಡಿದೆ. ಗಾಳಿ ಯಾವಾಗಲೂ ಎತ್ತರದ ಜಾಗಕ್ಕೇ ಹೋಗಿ ಕೂರುತ್ತದೆ. ಬಾಗಿಲು ಅಲ್ಲಿದ್ದರೆ ಮಾತ್ರ ಹೊರಗೆ ಹೋಗುತ್ತದೆ.

ಸಿಲಿಂಡರ್ ಹೊರುವ ಜಾಕೆಟ್ಟಿಗೆ ನಾವು ಬಿಸಿಡಿ ಅನ್ನುತ್ತೇವೆ. ಅದರೊಳಗಿನ ಚೀಲಕ್ಕೆ ಸಾಮಾನ್ಯವಾಗಿ ಇಂಥ ಮೂರು ಬಾಗಿಲು. ಎಡಭುಜದಿಂದ ಇಳಿಬಿದ್ದ ಸುಕ್ಕುಸುಕ್ಕಾದ ಪೈಪು, ಅದರ ತುದಿಯಲ್ಲಿ ತುಂಬಲು ಒಂದು ಬಟನ್, ಬಿಡಲು ಒಂದು. ಬಲಭುಜದ ಮೇಲೆ ದಾರ ಎಳೆದರೆ ತೆರೆಯುವ ವಾಲ್ವ್. ಹಿಂದೆ ಸೊಂಟದ ಹತ್ತಿರ ಅಂಥದ್ದೇ ಇನ್ನೊಂದು. ನಾನು ಆವತ್ತು ಮಲಗಿದ ಭಂಗಿಯಲ್ಲಿದ್ದೆ, ಪೈಪು ಎದೆಯ ಕೆಳಗೆ ಜೋತಾಡುತ್ತಿತ್ತು. ಗಾಳಿ ಬೆನ್ನ ಕಡೆ ಇತ್ತು. ತಲೆ ಕೆಳಗೆ ಮಾಡಿದಾಗಂತೂ ಪೂರಾ ಸೊಂಟಕ್ಕೆ ಹೋಯಿತು. ಆಗ ಸೊಂಟದ ದಾರ ಎಳೆದಿದ್ದರೆ ಸಾಕಿತ್ತು.

ಈಗ ನಾನು ಮಾಡೋದು ಹೀಗೆ. ನಿಂತ ಭಂಗಿಯಲ್ಲಿದ್ದರೆ ಪೈಪನ್ನು ತಲೆಗಿಂತ ಮೇಲೆ ನೆಟ್ಟಗೆ ಎತ್ತುತ್ತೇನೆ. ಮೈ ಒಂಚೂರು ಬಲಕ್ಕೆ ವಾಲಿಸುತ್ತೇನೆ, ಎಡಭುಜವೇ ಎಲ್ಲಕ್ಕಿಂತ ಮೇಲೆ ಬರಲಿ ಅಂತ. ಆಮೇಲೆ ಬಟನ್. ಅಡ್ಡಡ್ಡ ಈಜುವಾಗ ಸೊಂಟ ತುಸು ಎತ್ತಿ ಹಿಂದಿನ ದಾರ ಎಳೆಯುತ್ತೇನೆ. ಎರಡು ಗುಳ್ಳೆ ಬಿಟ್ಟು ನಿಲ್ಲಿಸಿ, ಒಂದು ಉಸಿರು ತೆಗೆದುಕೊಂಡು ನೋಡುತ್ತೇನೆ. ಸುಮ್ನೆ ಒತ್ತಿ ಹಿಡಿದರೆ ಕಲ್ಲಿನ ಹಾಗೆ ಇಳಿದುಬಿಡುತ್ತೇವೆ. ನೀರಿನಲ್ಲಿ ಮೈ ತಡವಾಗಿ ಉತ್ತರ ಕೊಡುತ್ತದೆ, ಆ ತಡಕ್ಕೆ ಕಾಯಬೇಕು.

ಯಾವಾಗ ಬಿಡಬೇಕು ಅನ್ನೋದಕ್ಕೆ ಒತ್ತಡದ ಲೆಕ್ಕ ತಿಳಿದಿರಬೇಕು. ನೀರಿನ ಮೇಲೆ ಒತ್ತಡ ಸುಮಾರು 1 ಬಾರ್. 10 ಮೀಟರ್ ಆಳದಲ್ಲಿ 2, 20ರಲ್ಲಿ 3. ಒತ್ತಡ ಇಳಿದಷ್ಟೂ ಗಾಳಿ ಹಿಗ್ಗುತ್ತದೆ, ಆದ್ದರಿಂದ 20 ಮೀಟರಿನಿಂದ 10ಕ್ಕೆ ಬಂದರೆ ಜಾಕೆಟ್ಟಿನ ಗಾಳಿ ಒಂದೂವರೆ ಪಟ್ಟಾಗುತ್ತದೆ. 10 ಮೀಟರಿನಿಂದ ನೀರಿನ ಮೇಲಕ್ಕೆ ಬಂದರೆ ಎರಡು ಪಟ್ಟು! ಆಳ ಕಡಿಮೆ ಆಯ್ತು, ಇನ್ನೇನು ಭಯ ಅನ್ನಿಸುವ ಜಾಗದಲ್ಲೇ ಗಾಳಿ ಜಾಸ್ತಿ ಹಿಗ್ಗುತ್ತದೆ. ನಾನು 8 ಮೀಟರಿನಲ್ಲಿ ಸಿಕ್ಕಿಬಿದ್ದದ್ದು ಅದಕ್ಕೇ. ಈಗ ಬಂಡೆ ಏರಿದಂತೆ ಕಂಡರೂ ಸಾಕು, ಹತ್ತುವ ಮೊದಲೇ ಸ್ವಲ್ಪ ಬಿಡುತ್ತೇನೆ. ಮೈ ಮೇಲೇಳಲು ಶುರುವಾದ ಮೇಲೆ ಬಿಡಲು ಹೋದರೆ ಗಾಳಿಯ ಬೆನ್ನಟ್ಟಿದ ಹಾಗೆ.

ಇಳಿಯುವಾಗ ಹೊಸಬರಿಗೆ ಇನ್ನೊಂದು ತೊಂದರೆ ಬರುತ್ತದೆ. ಜಾಕೆಟ್ ಖಾಲಿಯಾದರೂ ಮುಳುಗುವುದಿಲ್ಲ. ಎಷ್ಟೋ ಸಲ ಗಾಳಿ ಇರೋದು ಎದೆಯಲ್ಲಿ. ಹೆದರಿಕೆಗೆ ಉಸಿರು ಬಿಗಿಹಿಡಿದಿರುತ್ತಾರೆ. ಬಟನ್ ಒತ್ತಿಕೊಂಡೇ ನಿಧಾನವಾಗಿ, ಉದ್ದಕ್ಕೆ ಉಸಿರು ಬಿಟ್ಟರೆ ಇಳಿಯುತ್ತಾರೆ. ಮುಳುಗುತ್ತಿಲ್ಲ ಅಂತ ಮೊದಲೇ ಸೀಸದ ತೂಕ ಜಾಸ್ತಿ ಕಟ್ಟಿಕೊಳ್ಳಬೇಡಿ. ತೂಕ ಜಾಸ್ತಿಯಾದರೆ ಅದನ್ನು ಸರಿತೂಗಿಸಲು ಜಾಕೆಟ್ಟಿಗೆ ಗಾಳಿಯೂ ಜಾಸ್ತಿ ಬೇಕು. ಹಿಗ್ಗುವ ಗಾಳಿ ಜಾಸ್ತಿಯಾದಷ್ಟೂ ಮೇಲೆ ಬರುವಾಗ ಕೈ ತಪ್ಪುತ್ತದೆ.

ವಾಲ್ವನ್ನೂ ನೋಡಿಕೊಳ್ಳಬೇಕು, ಅಲ್ವಾ? ಡೈವ್ ಮುಗಿದ ದಿನವೇ ಸಿಹಿನೀರಿನಲ್ಲಿ ಜಾಕೆಟ್ ತೊಳೆಯುತ್ತೇನೆ. ಪೈಪಿನ ಮೂಲಕ ಚೀಲದೊಳಗೂ ನೀರು ಹಾಕಿ, ಕುಲುಕಿ, ಬಸಿಯುತ್ತೇನೆ. ಉಪ್ಪು ಒಣಗಿದರೆ ಬಟನ್ ಅಂಟಿಕೊಳ್ಳುತ್ತದೆ. ಆಮೇಲೆ ಅರ್ಧ ಗಾಳಿ ತುಂಬಿ ನೆರಳಲ್ಲಿ ಒಣಗಿಸುತ್ತೇನೆ. ಮರುಸಲ ನೀರಿಗೆ ಇಳಿಯುವ ಮುಂಚೆ ದೋಣಿಯಲ್ಲೇ ಮೂರೂ ಬಾಗಿಲು ಒಂದೊಂದಾಗಿ ತೆರೆದು, ಬುಸ್ ಅನ್ನೋ ಸದ್ದು ಕೇಳುತ್ತೇನೆ. ಬಾಡಿಗೆ ಜಾಕೆಟ್ ಆದರೆ ಸೊಂಟದ ದಾರ ಎಲ್ಲಿದೆ ಅಂತ ಕಣ್ಣು ಮುಚ್ಚಿ ತಡವಿ ನೋಡುತ್ತೇನೆ. ಒಂದೊಂದು ಜಾಕೆಟ್ಟಿನಲ್ಲಿ ಒಂದೊಂದು ಕಡೆ ಇರುತ್ತದೆ.

ಡೈವ್ ಮುಗಿಯುವಾಗ 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು. ಅಷ್ಟು ಹೊತ್ತಿಗೆ ಸಿಲಿಂಡರಿನ ಗಾಳಿ ಖರ್ಚಾಗಿ ಎರಡು ಕಿಲೋದಷ್ಟು ಹಗುರಾಗಿರುತ್ತದೆ, ಮೇಲಕ್ಕೆ ಎಳೆಯುತ್ತಿರುತ್ತದೆ. ಮೊದಮೊದಲು ಲಂಗರಿನ ಹಗ್ಗ ಬಿಗಿಯಾಗಿ ಹಿಡಿದು ನಿಲ್ಲುತ್ತಿದ್ದೆ. ಹೋದ ಸಲ ಹಗ್ಗವನ್ನು ಒಂದು ಬೆರಳಿನಿಂದ ಮಾತ್ರ ಮುಟ್ಟಿದ್ದೆ. ಎರಡನೇ ನಿಮಿಷಕ್ಕೆ ಮೈ ಹಗುರಾದಂತೆ ಅನ್ನಿಸಿತು. ಎಡಭುಜ ಎತ್ತಿ ಪೈಪು ಮೇಲೆ ಹಿಡಿದೆ, ಬಟನ್ ಮುಟ್ಟಿದೆ. ಮೂರು ಗುಳ್ಳೆ ಹೊರಟವು, ಹೋಗ್ತಾ ಹೋಗ್ತಾ ದೊಡ್ಡದಾಗಿ ಬೆಳಕಿನಲ್ಲಿ ಒಡೆದವು. ನಾನು ಅಲ್ಲೇ ನಿಂತಿದ್ದೆ.