ಮಂಗಟ್ಟೆ ಹಚ್ಚೆಯ ತೋಳು ಮತ್ತು ಫ್ರೀಮೇಸನ್ ಲಾಡ್ಜ್

ನನ್ನ ಬಲಗೈಯಲ್ಲಿ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಒಂದು ಮಂಗಟ್ಟೆ ಹಕ್ಕಿ ರೆಕ್ಕೆ ಬಿಚ್ಚಿದೆ. ಎಡಗೈಯ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಅಮ್ಮನ ಹೆಸರಿನ ಮೊದಲ ಅಕ್ಷರ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಬೆಂಗಳೂರಿನ ಕೆಲಸ ಬಿಟ್ಟು ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಮರಳುವ ಮುನ್ನ ಹಾಕಿಸಿಕೊಂಡದ್ದು. ತೋಟದಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಹಸಿ ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮೆಲ್ಲರ ಬೆರಳುಗಳೂ ಕರೆ ಹಿಡಿದು ಕಪ್ಪಾಗಿರುತ್ತವೆ. ಅದರ ನಡುವೆ ಒಂದು ಹಕ್ಕಿ ಹೆಚ್ಚೇನಲ್ಲ.

ಚಿಂತೆ ಶುರುವಾದದ್ದು ಫ್ರೀಮೇಸನ್ ಆಗಬೇಕೆಂದು, ಅಂದರೆ ಆ ಹೆಸರಿನ ಹಳೆಯ ಸಹೋದರ ಸಂಘವನ್ನು ಸೇರಬೇಕೆಂದು, ಮನಸ್ಸು ಮಾಡಿದಾಗ. ಅಪ್ಪನ ಸ್ನೇಹಿತರೊಬ್ಬರು ಶಿವಮೊಗ್ಗದಲ್ಲಿದ್ದಾರೆ, ನಿವೃತ್ತ ಎಂಜಿನಿಯರ್. ನಾವು ರಾಯರು ಎಂದೇ ಕರೆಯುವುದು. ಅಪ್ಪ ತೀರಿಕೊಂಡಾಗ ಸಾಲದ ಕಾಗದಪತ್ರಗಳನ್ನೆಲ್ಲ ಕೂತು ಬಿಡಿಸಿಕೊಟ್ಟವರು ಅವರು. ಅವರು ಎಷ್ಟೋ ವರ್ಷಗಳಿಂದ ಮೇಸನ್ ಎಂಬುದು ನನಗೆ ಗೊತ್ತಿತ್ತು. ಆದರೆ ಅವರಾಗಿ ಒಮ್ಮೆಯೂ ‘ನೀನೂ ಬಾ’ ಎನ್ನಲಿಲ್ಲ. ಬರಬೇಕೆನ್ನುವವನೇ ಬಾಯಿಬಿಟ್ಟು ಕೇಳಬೇಕು ಎನ್ನುವುದು ಅಲ್ಲಿಯ ಸಂಪ್ರದಾಯ. ಕೇಳಿದೆ.

ಇದರ ಸ್ಥಳೀಯ ಶಾಖೆಗೆ ಲಾಡ್ಜ್ ಎನ್ನುತ್ತಾರೆ, ಲಾಡ್ಜುಗಳ ಮೇಲಿನ ಆಡಳಿತ ಮಂಡಳಿಗೆ ಗ್ರ್ಯಾಂಡ್ ಲಾಡ್ಜ್. 1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಕಟ್ಟಿದ ಸಂಸ್ಥೆ ಇದು. ಭಾರತಕ್ಕೆ ತನ್ನದೇ ಗ್ರ್ಯಾಂಡ್ ಲಾಡ್ಜ್ ಬಂದದ್ದು 1961ರಲ್ಲಿ. ಕಪ್ಪು ಸೂಟು, ಬಿಳಿ ಕೈಗವಸು, ಸೊಂಟಕ್ಕೆ ಏಪ್ರನ್. ಹಳೆಯ ಗುಂಪು ಫೋಟೋಗಳನ್ನು ನೋಡಿದರೆ ಎಲ್ಲರೂ ನ್ಯಾಯಾಧೀಶರಂತೆ ಕಾಣುತ್ತಾರೆ. ಅವರ ಸಾಲಿನಲ್ಲಿ ನನ್ನ ತೋಳನ್ನು ಕಲ್ಪಿಸಿಕೊಳ್ಳಲು ಆಗುತ್ತಿರಲಿಲ್ಲ.

ಹಾಗಾಗಿ ಮೊದಲು ಮುಚ್ಚುವ ದಾರಿಗಳನ್ನೇ ಹುಡುಕಿದೆ. ತುಂಬುತೋಳಿನ ಅಂಗಿ ಹಕ್ಕಿಯನ್ನು ಮುಚ್ಚುತ್ತಿತ್ತು, ಕೈ ಮೇಲಿನ ಅಕ್ಷರವನ್ನಲ್ಲ. ಕಲೆ ಮರೆಮಾಡುವ ಕ್ರೀಮ್ ತಂದು ಹಚ್ಚಿದೆ. ಆಷಾಢದ ತೇವದಲ್ಲಿ ಅದು ಒಂದು ಗಂಟೆ ನಿಲ್ಲಲಿಲ್ಲ, ಬಿಳಿ ಅಂಗಿಯ ಕಫ್ಫಿಗೆಲ್ಲ ಅರಿಶಿನ ಮೆತ್ತಿದಂತೆ ಬಳಿದುಕೊಂಡಿತು. ಕೊನೆಗೆ ಶಿವಮೊಗ್ಗದ ದುರ್ಗಿಗುಡಿಯ ಚರ್ಮವೈದ್ಯರೊಬ್ಬರ ಬಳಿಗೆ ಹೋದೆ. ಲೇಸರ್ ಬಣ್ಣದ ಕಣಗಳನ್ನು ಒಡೆಯುತ್ತದೆ, ಒಡೆದದ್ದನ್ನು ದೇಹವೇ ನಿಧಾನವಾಗಿ ಸಾಗಿಸಬೇಕು, ಆದ್ದರಿಂದ ವಾರಗಟ್ಟಲೆ ಬಿಡುವು ಕೊಟ್ಟು ಹಲವು ಸಲ ಬರಬೇಕು ಎಂದರು. ಕಪ್ಪು ಬೇಗ ಹೋಗುತ್ತದೆ, ಹಸಿರು ಮತ್ತು ನೀಲಿ ಹಟ ಮಾಡುತ್ತವೆ. ನಮ್ಮಂಥ ಕಂದು ಚರ್ಮದಲ್ಲಿ ಆ ಜಾಗ ಬೆಳ್ಳಗೆ ಉಳಿದುಬಿಡುವುದೂ ಉಂಟು. ಹಕ್ಕಿಯ ಜಾಗದಲ್ಲಿ ಹಕ್ಕಿಯಾಕಾರದ ಬಿಳಿ ಕಲೆ ಹೊತ್ತು ತಿರುಗುವುದನ್ನು ನೆನೆದು ಎದ್ದು ಬಂದೆ.

ಆಮೇಲೆ ಮಾಡಿದ್ದು ಮೊದಲೇ ಮಾಡಬೇಕಾಗಿದ್ದ ಕೆಲಸ. ರಾಯರ ಮನೆಗೆ ಹೋಗಿ ತೋಳು ಮಡಚಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ‘ಅಲ್ಲಪ್ಪ, ದೀಕ್ಷೆಯ ದಿನ ಬಲತೋಳನ್ನು ಬರಿದು ಮಾಡುತ್ತಾರೆ. ಇದೇನೂ ಗುಟ್ಟಲ್ಲ, ಪುಸ್ತಕಗಳಲ್ಲಿ ಅಚ್ಚಾಗಿದೆ. ಅಲ್ಲಿ ಹೇಗೆ ಮುಚ್ಚುತ್ತೀಯೆ?’ ಎಂದರು. ತಿಂಗಳುಗಟ್ಟಲೆ ನಾನು ಹೂಡಿದ್ದ ಹೂಟವೆಲ್ಲ ಅಷ್ಟರಲ್ಲಿ ಮುಗಿಯಿತು. ನಿಯಮದಲ್ಲಿ ಹಚ್ಚೆಗೆ ತಡೆಯಿಲ್ಲ, ಸದಸ್ಯರ ಮನಸ್ಸು ಬೇರೆ ಬೇರೆ ಇರುತ್ತದೆ, ಆದ್ದರಿಂದ ಸಂದರ್ಶನಕ್ಕೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ ಎಂದರು. ಇಂಗ್ಲೆಂಡಿನ ಏಳನೆಯ ಎಡ್ವರ್ಡ್ ಯುವರಾಜನಾಗಿದ್ದಾಗ, 1862ರಲ್ಲಿ, ಜೆರುಸಲೇಮಿನಲ್ಲಿ ತೋಳಿಗೆ ಶಿಲುಬೆಯ ಹಚ್ಚೆ ಹಾಕಿಸಿಕೊಂಡಿದ್ದ. ಅದೇ ಯುವರಾಜ 1875ರಿಂದ 1901ರವರೆಗೆ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಮುಖ್ಯಸ್ಥನಾಗಿ, ಗ್ರ್ಯಾಂಡ್ ಮಾಸ್ಟರ್ ಪೀಠದಲ್ಲಿದ್ದ. ಇದನ್ನು ಓದಿದ ದಿನ ನನಗೆ ನಿಜವಾಗಿ ನಿದ್ದೆ ಬಂತು.

ಸಂದರ್ಶನಕ್ಕೆ ಮೂವರು ಬಂದರು. ಅರ್ಧ ತೋಳಿನ ಅಂಗಿ ಹಾಕಿಕೊಂಡೇ ಕಾಫಿ ಕೊಟ್ಟೆ. ಹೆಚ್ಚಿನ ಪ್ರಶ್ನೆಗಳು ಬೇರೆಯವೇ: ದೇವರಲ್ಲಿ ನಂಬಿಕೆಯಿದೆಯೇ, ಮನೆಯವರ ಒಪ್ಪಿಗೆಯಿದೆಯೇ, ಶುಲ್ಕದಿಂದ ಸಂಸಾರಕ್ಕೆ ಹೊರೆಯಾಗುವುದಿಲ್ಲವೇ. ಯಾವ ದೇವರು ಎಂದು ಕೇಳಲಿಲ್ಲ. ಒಬ್ಬರು ಮಾತ್ರ ಕೈಯನ್ನೇ ನೋಡುತ್ತಿದ್ದರು. ‘ಇದು ಯಾಕೆ?’ ಎಂದರು. ಹೇಳಿದೆ. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಉಳಿಯುತ್ತದೆ. ಗಂಡು ಹಣ್ಣು ತಂದು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ಅಪ್ಪ ತೋಟದಿಂದ ಓಡಿ ಬಂದು, ಕೈ ತೊಳೆದು, ಗಂಜಿ ಕುಡಿಸಿ ಮತ್ತೆ ತೋಟಕ್ಕೆ ಓಡುತ್ತಿದ್ದರು. ಪ್ರಶ್ನೆ ಕೇಳಿದವರು ಮುಂದೆ ಏನನ್ನೂ ಕೇಳಲಿಲ್ಲ. ಆದರೆ ಹೊರಡುವಾಗ, ಊಟದ ಮೇಜಿನಲ್ಲಿ ಕೈಗವಸು ತೆಗೆದಾಗ ಕೆಲವು ಹಿರಿಯರಿಗೆ ಇರುಸುಮುರುಸಾಗಬಹುದು ಎಂದು ನೇರವಾಗಿಯೇ ಹೇಳಿದರು. ಆ ನೇರ ಮಾತಿಗೆ ನಾನು ಇಂದಿಗೂ ಋಣಿ.

ಹೊಸಬನನ್ನು ಸೇರಿಸಿಕೊಳ್ಳಬೇಕೇ ಎಂಬ ಸದಸ್ಯರ ಮತದಾನ ಬಿಳಿ ಗೋಲಿ, ಕರಿ ಗೋಲಿಗಳಲ್ಲಿ ಗುಟ್ಟಾಗಿ ನಡೆಯುತ್ತದೆ. ಒಪ್ಪಿಗೆಯಾಗಿದೆ ಎಂದು ರಾಯರ ಫೋನ್ ಬಂದಾಗ ನಾನು ಚಪ್ಪರದಲ್ಲಿ ಅಡಿಕೆ ಹರವುತ್ತಿದ್ದೆ.

ದೀಕ್ಷೆಯ ಸಂಜೆ ಉಂಗುರ, ಗಡಿಯಾರ, ಸರ, ಜೇಬಿನ ಚಿಲ್ಲರೆ, ಮೈಮೇಲಿನ ಲೋಹವೆಲ್ಲ ತೆಗೆದಿಡಬೇಕು. ಆಗ ನನಗೆ ನೆನಪಾದದ್ದು ಅಜ್ಜಿ. ಅವಳ ಎರಡೂ ಮುಂಗೈ ತುಂಬ ಹಚ್ಚೆಯಿತ್ತು, ಕೊರವಂಜಿ ಸೂಜಿಯಲ್ಲಿ ಚುಚ್ಚಿದ್ದು; ವಯಸ್ಸಾದಂತೆ ಹಸಿರಾಗಿ ರಂಗೋಲಿಯ ಗೆರೆಗಳೆಲ್ಲ ಹರಡಿಕೊಂಡಿದ್ದವು. ‘ಬಂಗಾರ ಬಿಚ್ಚಿಕೊಳ್ಳುತ್ತಾರೆ ಮಗ, ಇದನ್ನು ಯಾರೂ ಬಿಚ್ಚಿಕೊಳ್ಳಲಾರರು’ ಎನ್ನುತ್ತಿದ್ದಳು. ಸಾವಿನ ಮಾತು ಅದು. ನನಗೆ ಆ ಬಾಗಿಲಲ್ಲಿ ಒದಗಿ ಬಂತು. ಬಲತೋಳನ್ನು ಮೇಲಕ್ಕೆ ಸುತ್ತಿದರು. ಕಣ್ಣಿಗೆ ಬಟ್ಟೆ ಕಟ್ಟಿದರು. ಯಾರು ನೋಡುತ್ತಾರೆ ಎಂದು ಅಷ್ಟು ತಿಂಗಳು ಕೊರಗಿದವನಿಗೆ ಆ ಹೊತ್ತಿನಲ್ಲಿ ಯಾರ ಮುಖವೂ ಕಾಣಲಿಲ್ಲ, ಭುಜದ ಮೇಲಿದ್ದ ಒಂದು ಕೈಯ ಬಿಸಿ ಮಾತ್ರ ಗೊತ್ತಾಗುತ್ತಿತ್ತು.

ಒಂದು ಮಾತು, ಸೇರಬೇಕೆಂದಿರುವ ಹುಡುಗರಿಗೆ: ಮೇಸನ್ನರ ಗುರುತಾದ ಮೂಲೆಮಟ್ಟ ಮತ್ತು ಕೈವಾರದ ಚಿಹ್ನೆಯನ್ನು ಸೇರುವ ಮೊದಲೇ ಮೈಮೇಲೆ ಹಾಕಿಸಿಕೊಳ್ಳಬೇಡಿ. ಹಕ್ಕಿಯನ್ನು ಅವರು ಒಪ್ಪಿಯಾರು, ಇನ್ನೂ ತನ್ನದಾಗದ ಗುರುತನ್ನು ತೊಟ್ಟವನನ್ನು ಒಪ್ಪುವುದು ಕಷ್ಟ. ಜಾತಿಯನ್ನೋ ಧರ್ಮವನ್ನೋ ಹೀಯಾಳಿಸುವ ಹಚ್ಚೆಯಿದ್ದರೆ ಅದು ಬೇರೆಯದೇ ಪ್ರಶ್ನೆ. ಲಾಡ್ಜಿನೊಳಗೆ ಧರ್ಮ ಮತ್ತು ರಾಜಕೀಯದ ಚರ್ಚೆಯೇ ಇಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಕೈಗವಸು ತೆಗೆದೆ. ಎದುರಿಗಿದ್ದ ಹಿರಿಯರು ನನ್ನ ಎಡಗೈ ನೋಡಿ, ಅಕ್ಷರವನ್ನು ಓದಿ, ‘ತಾಯಿಯವರ ಹೆಸರೇನು?’ ಎಂದು ಕೇಳಿದರು.