ಗುಜರಿಗೆ ಹೋಗಬೇಕಿದ್ದ ಎಸ್ಟೀಮ್

ಕಳೆದ ಡಿಸೆಂಬರ್‌ನಲ್ಲಿ ಮಂಗಳೂರಿನ ಹೊರಗಿನ ಮಣ್ಣಿನ ಟ್ರ್ಯಾಕ್‌ನಲ್ಲಿ ನಡೆದ ರೇಸಿನಲ್ಲಿ ನನ್ನ ಹಳೆಯ ಮಾರುತಿ ಎಸ್ಟೀಮ್ ಕಾರು 1400 ಸಿಸಿ ಕ್ಲಾಸಿನಲ್ಲಿ ಮೂರನೇ ಸ್ಥಾನಕ್ಕೆ ಬಂತು. "ಇದನ್ನು ತೂಕಕ್ಕೆ ಹಾಕು" ಅಂದಿದ್ದ ಗೆಳೆಯರೇ ಈಗ ಫೋನ್ ಮಾಡಿ "ರನ್ನಿಂಗ್ ಬೋರ್ಡ್ ಎಂತ ಮಾಡಿದ್ದು ಮಾರಾಯ?" ಅಂತ ಕೇಳುತ್ತಾರೆ. ರನ್ನಿಂಗ್ ಬೋರ್ಡ್ ಅಂದರೆ ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ, ಒಳಗೆ ಟೊಳ್ಳಾದ ಬಾಡಿಯ ಭಾಗ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು.

2001ರ ಗಾಡಿ. 16 ವಾಲ್ವ್, 85 ಎಚ್‌ಪಿಯ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಎಂಜಿನ್. ಪಡುಬಿದ್ರಿಯಲ್ಲಿ ಕಡಲ ಬದಿಯ ಮನೆಯೊಂದರ ತೆಂಗಿನ ಮರದಡಿ ನಾಲ್ಕು ಮಳೆಗಾಲ ಕಳೆದಿತ್ತು. 32 ಸಾವಿರಕ್ಕೆ ಸಿಕ್ಕಿತು. ಎಂಜಿನ್ ಕೆಲಸ ಮಾಮೂಲಿಯೇ. ರಿಂಗ್, ಬೇರಿಂಗ್, ಹೆಡ್ ಸ್ಕಿಮ್ಮಿಂಗ್ (ಎಂಜಿನ್ ಹೆಡ್ಡಿನ ಅಡಿಯನ್ನು ಸಮ ಮಾಡಿಸುವುದು) ಎಲ್ಲ ಸೇರಿ ಹತ್ತಿರ ಹತ್ತಿರ 30 ಸಾವಿರ. ತೊಂದರೆ ಇದ್ದದ್ದು ಬಾಡಿಯಲ್ಲಿ. ಮ್ಯಾಟ್ ಎತ್ತಿದರೆ ಡ್ರೈವರ್ ಕಾಲಡಿಯಲ್ಲಿ ಹುಲ್ಲು ಕಾಣುತ್ತಿತ್ತು.

ಮೊದಲು ಟಿಂಕರಿಂಗ್ ಶಾಪ್ ಒಂದಕ್ಕೆ ಕೊಟ್ಟೆ. ತುಕ್ಕಿನ ಮೇಲೆಯೇ ತಗಡು ಹೊಡೆದು, ಪುಟ್ಟಿ ಮೆತ್ತಿ, ಕಪ್ಪು ಬಳಿದು 22 ಸಾವಿರ ತೆಗೆದುಕೊಂಡರು. ನೋಡಲು ಚಂದ ಇತ್ತು. ಒಂದು ಮಳೆಗಾಲ ಮುಗಿದ ಮೇಲೆ ಸ್ಕ್ರೂಡ್ರೈವರ್ ಒತ್ತಿದೆ, ಹಲಸಿನ ಹಣ್ಣಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು.

ಎರಡನೇ ತಪ್ಪು ನನ್ನದೇ. ಸಿಟ್ಟಿನಲ್ಲಿ ಕಟಪಾಡಿಯ ನಮ್ಮ ಶೆಡ್ಡಿನಲ್ಲೇ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಇಟ್ಟು ಎರಡೂ ಬದಿಯ ರನ್ನಿಂಗ್ ಬೋರ್ಡ್ ಒಟ್ಟಿಗೇ ಕತ್ತರಿಸಿದೆ. ಹೊಸತು ಕೂರಿಸಿ ಬೆಸುಗೆ ಹಾಕಿದೆ. ಬಾಗಿಲು ಹಾಕಲು ಹೋದರೆ ಲಾಕ್ ಒಂದು ಬೆರಳು ಕೆಳಗೆ. ಬಾಡಿ ನಡುವಿನಲ್ಲಿ ಕುಸಿದಿತ್ತು. ಒಂದು ವಾರದ ಕೆಲಸ ಮತ್ತೆ ಗ್ರೈಂಡರಿಗೆ.

ದಾರಿ ತೋರಿಸಿದ್ದು ಮಲ್ಪೆಯಲ್ಲಿ ಕಬ್ಬಿಣದ ಬೋಟ್ ಕಟ್ಟುವ ಒಬ್ಬ ವೆಲ್ಡರ್. ಗಾಡಿಯ ಅಡಿಗೆ ತಲೆ ಹಾಕಿ ನೋಡಿ ನಕ್ಕರು. "ತುಕ್ಕು ಒಳಗೆ ಬಿಟ್ಟು ಮೇಲಿಂದ ಸೀರೆ ಉಡಿಸಿದ್ರೆ ಎಂತ ಪ್ರಯೋಜನ ಮಾರಾಯ್ರೆ?" ಬಿಳಿ ಲೋಹ ಕಾಣುವವರೆಗೆ ಕತ್ತರಿಸಬೇಕು, ಅದರಾಚೆ ಇನ್ನೂ ಎರಡು ಬೆರಳು. ಅಷ್ಟೇ ಅವರ ಲೆಕ್ಕ. ಬಾಗಿಲಿನ ಜಾಗಕ್ಕೆ ಒಂದು ಇಂಚಿನ ಚೌಕ ಪೈಪ್ ಅಡ್ಡಡ್ಡ ಕೊಟ್ಟು, ಗಾಡಿಯ ಭಾರ ಚಕ್ರದ ಮೇಲೆಯೇ ಬಿಟ್ಟು, ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಹೋದೆ. ಸಿಓಟೂ ವೆಲ್ಡಿಂಗ್, ಒಂದೇ ಗೆರೆಯಲ್ಲಿ ಎಳೆಯದೆ ಅಲ್ಲಲ್ಲಿ ಚುಕ್ಕೆ. ಮೇಲೆ ಬೋಟಿಗೆ ಹೊಡೆಯುವ ಜಿಂಕ್ ಪ್ರೈಮರ್. ಬಾಗಿಲು ಈಗ "ಟಪ್" ಅಂತ ಕೂರುತ್ತದೆ.

ರನ್ನಿಂಗ್ ಬೋರ್ಡ್ ಒಳಗೆ ಬ್ರಶ್ ಹೋಗುವುದಿಲ್ಲ ಅಲ್ವಾ? ಅದಕ್ಕೆ ಹಳೆಯ ಮರದ ದೋಣಿಗೆ ಹಚ್ಚುತ್ತಿದ್ದ ಬೂತಾಯಿ ಮೀನಿನ ಎಣ್ಣೆ ತಂದೆ. ಬಿಸಿ ಮಾಡಿ, ಇನ್ನೊಂದು ವಸ್ತು ಬೆರೆಸಿ (ಅದು ಏನೆಂದು ಹೇಳುವುದಿಲ್ಲ), ತೂತಿನಿಂದ ಒಳಗೆ ಹೊಯ್ದೆ. ಎರಡು ಮಳೆಗಾಲ ಆಯಿತು, ಒಳಗೆ ಕ್ಯಾಮೆರಾ ಬಿಟ್ಟು ನೋಡಿದರೂ ತುಕ್ಕಿಲ್ಲ. ಆದರೆ ಏಪ್ರಿಲ್ ಬಿಸಿಲಿಗೆ ವಾಸನೆ ಕೇಳಬೇಡಿ. ಊರಿನ ಬೆಕ್ಕುಗಳೆಲ್ಲ ಶೆಡ್ಡಿನಲ್ಲೇ. ಹೆಂಡತಿ ಒಂದು ತಿಂಗಳು ಆ ಕಡೆ ಬರಲಿಲ್ಲ.

ತುಕ್ಕು ತಡೆಯಲು ಬೋಟಿಗೆ ಕಟ್ಟುವ ಜಿಂಕ್ ಗಟ್ಟಿಯನ್ನೂ ಸುಮ್ನೆ ಫ್ಲೋರ್ ಅಡಿಗೆ ಬಿಗಿದು ನೋಡಿದೆ. ದಂಡ. ಅದು ನೀರಿನೊಳಗೆ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಸಣ್ಣ ಬೋಲ್ಟ್, ಕ್ಲ್ಯಾಂಪ್‌ಗಳನ್ನು ತುಕ್ಕು ಬಿಡಲು ಹುಳಿ ಬಿಂಬುಳಿ ಕಾಯಿಯ ರಸದಲ್ಲಿ ರಾತ್ರಿ ನೆನೆಸಿದ್ದು ಮಾತ್ರ ಚೆನ್ನಾಗಿ ಬಂತು, ಖರ್ಚು ಸೊನ್ನೆ.

ಬಾನೆಟ್ ಫೈಬರ್‌ನಲ್ಲಿ ಮಾಡಿಸೋಣ ಅಂತ ಜೂನ್‌ನಲ್ಲಿ ಮಲ್ಪೆಗೆ ಹೋದೆ. ದಡ್ಡತನ. ಜೂನ್, ಜುಲೈ ಮೀನುಗಾರಿಕೆ ನಿಷೇಧ, 61 ದಿನ ಬೋಟೆಲ್ಲ ದಡದಲ್ಲಿ, ಫೈಬರ್‌ನವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಹಟ ಮಾಡಿ ಮಾಡಿಸಿದೆ. ಮಳೆಯ ತೇವಕ್ಕೆ ರೆಸಿನ್ ಸರಿಯಾಗಿ ಗಟ್ಟಿಯಾಗಲಿಲ್ಲ, ಬಾನೆಟ್ ಹಪ್ಪಳದಂತೆ ಸೊಟ್ಟಗಾಯಿತು. ಜನವರಿಯಲ್ಲಿ ಮಾಡಿಸಿದ್ದು ಈಗಲೂ ಗಾಡಿಯ ಮೇಲಿದೆ. ಐದಾರು ಕಿಲೋ ಇಳಿದಿರಬೇಕು.

ದುಬಾರಿ ಬಿದ್ದದ್ದು ರೋಲ್ ಕೇಜ್, ಗಾಡಿ ಪಲ್ಟಿಯಾದರೆ ಒಳಗಿನವರನ್ನು ಕಾಯುವ ಪೈಪಿನ ಪಂಜರ. ಉಳಿಸುವ ಆಸೆಗೆ ನೀರಿಗೆ ಹಾಕುವ ಜಿಐ ಪೈಪಿನಲ್ಲಿ ಮಾಡಿಸಿದ್ದೆ. ರೇಸಿಗೆ ಮೊದಲಿನ ಸ್ಕ್ರೂಟಿನಿಯಲ್ಲಿ (ಗಾಡಿ ತಪಾಸಣೆ) ಮುಟ್ಟಿ ನೋಡಿ ವಾಪಸ್ ಕಳಿಸಿದರು. 18 ಸಾವಿರ ಸೀದಾ ಗುಜರಿಗೆ. ಅವರು ಮಾಡಿದ್ದು ಸರಿ, ಪಲ್ಟಿಯಾದರೆ ಆ ಪೈಪ್ ನನ್ನ ತಲೆ ಉಳಿಸುತ್ತಿರಲಿಲ್ಲ. ಮತ್ತೆ 45 ಎಂಎಂ, ಎರಡೂವರೆ ಎಂಎಂ ದಪ್ಪದ ಸೀಮ್‌ಲೆಸ್ (ಜೋಡಣೆಯ ಗೆರೆ ಇಲ್ಲದ) ಟ್ಯೂಬ್ ತರಿಸಿ ಬೈಕಂಪಾಡಿಯಲ್ಲಿ ಬಗ್ಗಿಸಿದ್ದಕ್ಕೆ 50 ಸಾವಿರದ ಹತ್ತಿರ. ಮೊದಲೇ ಮಾಡಿದ್ದರೆ ಆ ದುಡ್ಡಿನಲ್ಲಿ ಟೈರ್ ಬರುತ್ತಿತ್ತು.

ಸೀಟ್, ಬೆಲ್ಟ್, ಸಸ್ಪೆನ್ಷನ್, ಟೆಂಪೋ ಬಾಡಿಗೆ, ದಂಡವಾದದ್ದು ಎಲ್ಲ ಸೇರಿ ಎರಡೂವರೆ ಲಕ್ಷ ದಾಟಿಲ್ಲ. ರೇಸಿನ ದಿನ ನನ್ನ ಹಿಂದೆ ಬಂದ ಗಾಡಿಯೊಂದಕ್ಕೆ ಇದರ ಮೂರರಷ್ಟು ಸುರಿದಿದ್ದರು. ಹಿಂದಿನ ಟೈರಿಗೆ ಎಷ್ಟು ಗಾಳಿ ಅಂತ ಅದರ ಡ್ರೈವರ್ ಎರಡು ಸಲ ಕೇಳಿದ. "ಸಾಕಷ್ಟು ಉಂಟು" ಅಂದೆ.

ಈಗ ಎಡಗಡೆ ಹಿಂದಿನ ವೀಲ್ ಆರ್ಚ್‌ನಲ್ಲಿ (ಚಕ್ರದ ಮೇಲಿನ ಕಮಾನು) ಪೇಂಟ್ ಸಣ್ಣಗೆ ಗುಳ್ಳೆ ಎದ್ದಿದೆ. ಮೊದಲಿನ ಟಿಂಕರಿಂಗ್ ಶಾಪಿನವರ ಪುಟ್ಟಿ ಅಲ್ಲೊಂದು ಕಡೆ ಉಳಿದುಬಿಟ್ಟಿತ್ತು. ಮಳೆ ಹಿಡಿಯುವ ಮೊದಲು ಕತ್ತರಿಸಬೇಕು.